ಕರಗಿದ ಕಲ್ಲಿನ ವಯಸ್ಸು

ಹೆಂಗಸರ ವಯಸ್ಸು ಕೇಳಬಾರದು, ಗಂಡಸರ ಸಂಬಳ ಕೇಳಬಾರದು ಎಂದು ಹೇಳುವುದುಂಟು. ನಮ್ಮ ಅಮ್ಮನ ಮಟ್ಟಿಗೆ ಕೇಳಿಯೂ ಪ್ರಯೋಜನವಿರಲಿಲ್ಲ. ಮುಚ್ಚಿಡುವ ಆಸೆಯಿಂದಲ್ಲ, ಅವಳಿಗೇ ಅದು ಸರಿಯಾಗಿ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಎಂತ ಮಾಡ್ಲಿಕ್ಕುಂಟು ಅದನ್ನು ಕಟ್ಟಿಕೊಂಡು?" ಎಂದು ಸೆರಗು ಸಿಕ್ಕಿಸಿ ಒಳಗೆ ಹೋಗುತ್ತಿದ್ದಳು.

2003ರಲ್ಲಿ ಅಣ್ಣ ಅವಳಿಗೆ ಹಿರಿಯ ನಾಗರಿಕರ ಗುರುತಿನ ಚೀಟಿ ಮಾಡಿಸಲು ಹೊರಟಾಗ ಈ ಪ್ರಶ್ನೆ ಮನೆಯೊಳಗೆ ದೊಡ್ಡದಾಗಿ ಎದ್ದಿತು. ರೇಷನ್ ಕಾರ್ಡಿನ ಲೆಕ್ಕದಲ್ಲಿ ಅವಳಿಗೆ ಅರವತ್ತೆರಡು. ಮತದಾರರ ಚೀಟಿಯ ಲೆಕ್ಕದಲ್ಲಿ ಎಪ್ಪತ್ತು. ಕಾರ್ಕಳದಲ್ಲಿ ಎರಡನೆಯ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದಳಂತೆ. ಆ ದಾಖಲೆ ಸಿಕ್ಕಲಿಲ್ಲ. ಜಾತಕವಿದ್ದ ಪೆಟ್ಟಿಗೆಯನ್ನು ಒರಲೆ ಎಂದೋ ತಿಂದು ಮುಗಿಸಿತ್ತು. ಅಣ್ಣ ತಲೆ ಕೆರೆದುಕೊಂಡು ಕೂತ. ಆಗ ಅಮ್ಮನೇ ಒಂದು ಎಳೆ ಕೊಟ್ಟಳು. "ಪೇಜಾವರ ಮಠದ ಪರ್ಯಾಯ ನೋಡ್ಲಿಕ್ಕೆ ನನ್ನ ಅಮ್ಮ ಉಡುಪಿಗೆ ಹೋಗಿದ್ದರಂತೆ. ಆಗ ನಾನು ಹೊಟ್ಟೆಯಲ್ಲಿದ್ದೆನಂತೆ."

ಉಡುಪಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೃಷ್ಣಮಠದ ಪೂಜೆ ಎಂಟು ಮಠಗಳಿಗೆ ಎರಡೆರಡು ವರ್ಷಗಳಂತೆ ಸರದಿಯಲ್ಲಿ ಬರುತ್ತದೆ. ಒಂದು ಮಠದ ಸರದಿ ಮತ್ತೆ ಬರಬೇಕಾದರೆ ಹದಿನಾರು ವರ್ಷ. ಅಣ್ಣ 1952ರ ಪೇಜಾವರ ಪರ್ಯಾಯದಿಂದ ಹಿಂದೆ ಎಣಿಸಿ 1936, 1920 ಎಂದು ಬರೆದ. 1952 ಆಗಲು ಸಾಧ್ಯವಿಲ್ಲ, ಅಣ್ಣ ಹುಟ್ಟಿದ್ದೇ 1955ರಲ್ಲಿ. 1920 ಆದರೆ ಅಮ್ಮನಿಗೆ ಎಂಬತ್ತಮೂರಾಗಬೇಕು. ಅಂತೂ 1936 ನಿಂತಿತು. ನಮ್ಮಮ್ಮನಿಗೆ ಅರವತ್ತೇಳು ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಅಮ್ಮ ಮಾತ್ರ, "ಅಷ್ಟಾಯ್ತಾ?" ಎಂದು ಬೇರೆ ಯಾರದೋ ವಿಷಯ ಕೇಳಿದಂತೆ ಕೇಳಿ, ನೆನೆಹಾಕಿದ ಅಕ್ಕಿ ನೋಡಲು ಎದ್ದಳು.

ಕಲ್ಲಿನ ವಯಸ್ಸಿನ ವಿಷಯ ಬರೆಯಲು ಕೂತು ಅಮ್ಮನ ವಯಸ್ಸಿನಿಂದ ಹೊರಟಿದ್ದಕ್ಕೆ ಕಾರಣವಿದೆ. ಒಂದನ್ನು ಅರ್ಥ ಮಾಡಿಕೊಂಡ ಮೇಲೆಯೇ ಇನ್ನೊಂದು ನನಗೆ ಅರ್ಥವಾಯಿತು. ಅದೂ ತಡವಾಗಿ.

ಅಣ್ಣನ ಮಗಳು ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನ ಓದಿದವಳು. ಹುಡುಗಿ ಡಾಕ್ಟರಳಾಗುತ್ತಾಳೆ, ಇಲ್ಲವೇ ಮಣಿಪಾಲದಲ್ಲಿ ಇಂಜಿನಿಯರಿಂಗ್ ಮಾಡುತ್ತಾಳೆ ಎಂದುಕೊಂಡಿದ್ದ ನೆಂಟರಿಗೆಲ್ಲ ಇದು ವಿಚಿತ್ರ. "ಕಲ್ಲು ಓದಿ ಎಂತ ಮಾಡ್ತಾಳೆ ಮಾರಾಯ್ತಿ?" ಎಂದು ನನ್ನನ್ನೇ ಕೇಳಿದವರಿದ್ದಾರೆ. 2010ರ ಡಿಸೆಂಬರಿನಲ್ಲಿ ಅವಳು ನನ್ನನ್ನು ಮಲ್ಪೆಯಿಂದ ದೋಣಿ ಹತ್ತಿಸಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋದಳು. ಹುಟ್ಟಿದಂದಿನಿಂದ ಈ ಕರಾವಳಿಯಲ್ಲೇ ಇದ್ದರೂ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಊರಿನ ದೇವರಿಗೆ ಊರಿನವರೇ ಹೋಗುವುದಿಲ್ಲವಲ್ಲ, ಹಾಗೆ.

ದ್ವೀಪಕ್ಕೆ ಕಾಲಿಟ್ಟರೆ ಯಾರೋ ಕಂಬಗಳನ್ನು ಕಡಿದು ಒತ್ತೊತ್ತಾಗಿ ನಿಲ್ಲಿಸಿಟ್ಟ ಹಾಗೆ ಕಾಣುತ್ತದೆ. ಐದು ಮೂಲೆ, ಆರು ಮೂಲೆಯ ಕಲ್ಲಿನ ಕಂಬಗಳು. ಮನುಷ್ಯರು ಮಾಡಿದ್ದಲ್ಲ. ಉಕ್ಕಿ ಬಂದ ಲಾವಾ ತಣ್ಣಗಾಗುವಾಗ ಕುಗ್ಗಿ, ಬಿರುಕು ಬಿಟ್ಟು, ಹೀಗೆ ಕಂಬಗಳಾಗಿ ಒಡೆದುಕೊಂಡಿತು. ಕೆರೆ ಬತ್ತಿದ ಮೇಲೆ ಕೆಸರು ಬಿರುಕು ಬಿಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. ಒಂದು ಕಾಲದಲ್ಲಿ ಮಡಗಾಸ್ಕರ್ ಎಂಬ ಆ ದೊಡ್ಡ ದ್ವೀಪ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡೇ ಇತ್ತು. ಅದು ನಮ್ಮಿಂದ ಬೇರೆಯಾಗುವ ಹೊತ್ತಿನಲ್ಲಿ ಭೂಮಿಯೊಳಗಿನಿಂದ ಬಂದ ಲಾವಾ ಇದು ಎನ್ನುತ್ತಾರೆ.

"ಎಷ್ಟು ವರ್ಷ ಆಯ್ತು?" ಎಂದೆ.

"ಅದರಲ್ಲೇ ತಮಾಷೆ ಇರುವುದು ಅತ್ತೆ" ಎಂದಳು. "1981ರಲ್ಲಿ ಒಂದು ವಿಧಾನದಿಂದ ಲೆಕ್ಕ ಹಾಕಿದವರಿಗೆ ಸುಮಾರು 9 ಕೋಟಿ 30 ಲಕ್ಷ ವರ್ಷ ಬಂತು. 2001ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಇನ್ನೂ ನಾಜೂಕಾದ ವಿಧಾನದಿಂದ ಮಾಡಿದಾಗ 8 ಕೋಟಿ 56 ಲಕ್ಷ ಬಂತು, 9 ಲಕ್ಷ ಆಚೆ ಈಚೆ."

ನನಗೆ ನಗು ತಡೆಯಲಿಲ್ಲ. "ನಿನ್ನ ಅಜ್ಜಿಯ ರೇಷನ್ ಕಾರ್ಡಿನ ಹಾಗೇ ಆಯ್ತಲ್ಲ!"

ಅವಳೂ ನಕ್ಕಳು. ಆಮೇಲೆ ಕಂಬವೊಂದರ ಮೇಲೆ ಕೂತು, ಹುಟ್ಟಿದ ತಾರೀಕು ಬರೆದಿಡದ ಕಲ್ಲಿಗೆ ವಯಸ್ಸು ಕಟ್ಟುವುದು ಹೇಗೆಂದು ನನಗೆ ಹೇಳಿಕೊಟ್ಟಳು. ನಾನು ಬಿ.ಎ. ಓದಿದವಳು. ವಿಜ್ಞಾನ ಬಿಟ್ಟು ನಲವತ್ತು ವರ್ಷವಾಗಿತ್ತು. ಆದರೂ ಅರ್ಥವಾಯಿತು. ಆದದ್ದರಿಂದ ನಿಮಗೂ ಹೇಳಬಲ್ಲೆ.

ಕಲ್ಲಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ನಾವು ತಿನ್ನುವ ಬಾಳೆಹಣ್ಣಿನಲ್ಲಿ ಇರುವಂಥದ್ದೇ. ಅದರ ಪರಮಾಣುಗಳಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಂದು ಮಾತ್ರ ಸ್ವಲ್ಪ ಅಸ್ಥಿರ ಬಗೆಯದು, ಅದನ್ನು ಪೊಟ್ಯಾಸಿಯಂ-40 ಎನ್ನುತ್ತಾರೆ. ಅದು ತಾನಾಗಿ ಸವೆಯುತ್ತಾ ಹೋಗುತ್ತದೆ. ಬಿಸಿಲಿರಲಿ, ಮಳೆಯಿರಲಿ, ನೆಲದಡಿಯಲ್ಲಿರಲಿ, ಅದರ ನಡೆ ಒಂದೇ. ಇಂದು ಇರುವುದರಲ್ಲಿ ಅರ್ಧ ಸವೆಯಬೇಕಾದರೆ 125 ಕೋಟಿ ವರ್ಷ ಬೇಕು. ಸವೆದದ್ದರಲ್ಲಿ ಹತ್ತರಲ್ಲೊಂದು ಪಾಲು ಆರ್ಗಾನ್ ಎಂಬ ಅನಿಲವಾಗುತ್ತದೆ, ಉಳಿದದ್ದು ಕ್ಯಾಲ್ಸಿಯಂ. ಕಲ್ಲು ಕರಗಿ ದ್ರವವಾಗಿರುವಷ್ಟು ಹೊತ್ತು ಈ ಅನಿಲ ತಪ್ಪಿಸಿಕೊಂಡು ಹೋಗುತ್ತದೆ. ಗಟ್ಟಿಯಾದ ಮೇಲೆ ಹೋಗಲು ದಾರಿಯಿಲ್ಲ, ಒಳಗೇ ಸೇರುತ್ತಾ ಬರುತ್ತದೆ. ಮೂಡೆ ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದಿದ್ದಾಗ ಹಬೆ ನಿಲ್ಲುವುದಿಲ್ಲ, ಮುಚ್ಚಿದ ಮೇಲೆ ತುಂಬುತ್ತದಲ್ಲ, ಹಾಗೆ. ಕಲ್ಲಿನ ಚೂರನ್ನು ಕಾಯಿಸಿ, ಒಳಗೆ ಸಿಕ್ಕಿಬಿದ್ದ ಆರ್ಗಾನ್ ಎಷ್ಟು, ಉಳಿದ ಪೊಟ್ಯಾಸಿಯಂ ಎಷ್ಟು ಎಂದು ಅಳೆದರೆ, ಮುಚ್ಚಳ ಹಾಕಿ ಎಷ್ಟು ಕಾಲವಾಯಿತು ಎಂದು ಗೊತ್ತಾಗುತ್ತದೆ.

"ಅಂದ ಮೇಲೆ, ಕಲ್ಲು ಹುಟ್ಟಿದ ದಿನ ಅಲ್ಲ ನೀವು ಹೇಳುವುದು?" ಎಂದು ಕೇಳಿದೆ.

"ಅಲ್ಲ. ಕಡೆಯ ಸಲ ಕರಗಿ ಗಟ್ಟಿಯಾದ ದಿನ. ಒಮ್ಮೆ ಹುಟ್ಟಿದ ಕಲ್ಲು ಮತ್ತೆ ಕರಗಿದರೆ ಹಳೆಯ ಲೆಕ್ಕವೆಲ್ಲ ಅಳಿಸಿಹೋಗುತ್ತದೆ, ಅತ್ತೆ. ಗಡಿಯಾರ ಮತ್ತೆ ಸೊನ್ನೆಯಿಂದ ಶುರು."

ಹೊತ್ತು ಇಳಿಯುವ ಮೊದಲೇ ವಾಪಸು ದೋಣಿ ಹತ್ತಿದೆವು. ಆ ರಾತ್ರಿ ಕಾಪುವಿನ ಮನೆಯಲ್ಲಿ, ಅಡಿಗೆಮನೆಯ ಬಾಗಿಲಲ್ಲಿ ಕೂತು ಅದೇ ಮಾತು ಮುಂದುವರಿಯಿತು. ಅಮ್ಮ ಕಡೆಯುವ ಕಲ್ಲಿನ ಮುಂದೆ ಇದ್ದಳು. ಎಪ್ಪತ್ತನಾಲ್ಕರ ಪ್ರಾಯದಲ್ಲೂ ದೋಸೆಗೆ ಅಕ್ಕಿ ಕಡೆಯುವುದನ್ನು ಅವಳು ಬಿಟ್ಟಿರಲಿಲ್ಲ. ಮಿಕ್ಸಿ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು. "ಮಿಕ್ಸಿಯಲ್ಲಿ ಹಿಟ್ಟು ಬಿಸಿಯಾಗ್ತದೆ. ಬಿಸಿಯಾದ ಹಿಟ್ಟಿನ ದೋಸೆ ಒಂದು ದೋಸೆಯಾ?" ಎಂಬುದು ಅವಳ ಕಾಯಂ ಮಾತು.

ಅಣ್ಣನ ಮಗಳು ಅದನ್ನೇ ಹಿಡಿದುಕೊಂಡಳು. "ನೋಡಿ ಅತ್ತೆ, ಅಜ್ಜಿ ಹೇಳಿದ್ದೇ ಒಂದು ಪಾಠ. ಉಜ್ಜಿದರೆ ಬಿಸಿ. ವೇಗವಾಗಿ ಉಜ್ಜಿದರೆ ಹೆಚ್ಚು ಬಿಸಿ. ಭೂಮಿಯೊಳಗೂ ಹಾಗೇ. ಭೂಕಂಪ ಅಂದರೆ ಬಂಡೆ ಬಂಡೆಯ ಮೇಲೆ ಸಟ್ಟನೆ ಜಾರುವುದು. ಮೇಲಿನ ಭಾರ ಎಷ್ಟು! ಕೆಲವೇ ಕ್ಷಣಗಳಲ್ಲಿ ಬಿಸಿ ಸಾವಿರ ಡಿಗ್ರಿ ಮೀರಿ, ಜಾರಿದ ಜಾಗದ ಕಲ್ಲು ಕರಗಿಬಿಡುತ್ತದೆ. ಕರಗಿದ್ದು ಪಕ್ಕದ ಬಿರುಕುಗಳಿಗೆ ನುಗ್ಗಿ ಅಷ್ಟೇ ಬೇಗ ಗಟ್ಟಿಯಾಗುತ್ತದೆ. ನೋಡಿದರೆ ಬಿಳಿ ಬಂಡೆಯಲ್ಲಿ ಕಪ್ಪು ಗೆರೆ ಎಳೆದ ಹಾಗೆ."

ಅಂತಹ ಕಲ್ಲಿಗೆ ಸ್ಯೂಡೋಟ್ಯಾಕಿಲೈಟ್ ಎಂದು ಹೆಸರು. ಟ್ಯಾಕಿಲೈಟ್ ಎಂದರೆ ಲಾವಾ ತಣಿದು ಆಗುವ ಕಪ್ಪು ಗಾಜಿನಂತಹ ಕಲ್ಲು. ಇದು ನೋಡಲು ಹಾಗೆಯೇ ಇದ್ದರೂ ಲಾವಾದ ಮಗುವಲ್ಲ, ಆದ್ದರಿಂದ 'ಹುಸಿ' ಎಂಬ ಅರ್ಥದ ಸ್ಯೂಡೋ ಸೇರಿಸಿದ್ದಾರೆ. 1916ರಲ್ಲಿ ಶ್ಯಾಂಡ್ ಎಂಬ ವಿಜ್ಞಾನಿ ಈ ಹೆಸರಿಟ್ಟದ್ದು ದಕ್ಷಿಣ ಆಫ್ರಿಕದ ಪಾರೈಸ್ ಎಂಬ ಊರಿನ ಕಲ್ಲುಗಳನ್ನು ನೋಡಿ. ಆ ಜಾಗದ ಹೆಸರು ವ್ರೆಡೆಫೋರ್ಟ್. ಬಹಳ ಹಿಂದೆ ಆಕಾಶದಿಂದ ದೊಡ್ಡ ಕ್ಷುದ್ರಗ್ರಹವೊಂದು ಬಿದ್ದು ಭೂಮಿಯನ್ನೇ ಅಲುಗಾಡಿಸಿದ ಸ್ಥಳ ಅದು. 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹೊಡೆತಕ್ಕೆ ಬಂಡೆಗಳು ಒಂದನ್ನೊಂದು ಉಜ್ಜಿ, ಜಜ್ಜಿ ಕರಗಿದವು. ಉಜ್ಜಿ ಕರಗಿದ್ದೆಷ್ಟು, ಬಡಿತದ ಒತ್ತಡಕ್ಕೇ ಕರಗಿದ್ದೆಷ್ಟು ಎಂದು ಪಂಡಿತರು ಇನ್ನೂ ವಾದ ಮಾಡುತ್ತಾರಂತೆ. ನಮ್ಮ ಹತ್ತಿರದಲ್ಲೂ ಇಂಥ ಕಲ್ಲುಗಳಿವೆ. ತಮಿಳುನಾಡಿನ ಸೇಲಂ ಜಿಲ್ಲೆಯ ಗಂಗವಳ್ಳಿಯ ಬಳಿ ಭೂವಿಜ್ಞಾನಿಗಳು ಇವನ್ನು ಅಭ್ಯಾಸ ಮಾಡಿದ್ದಾರೆ. ಇಂತಹ ಗೆರೆಗೆ ವಯಸ್ಸು ಕಟ್ಟಿದರೆ, ಮನುಷ್ಯರೇ ಇಲ್ಲದ ಕಾಲದಲ್ಲಿ ಆದ ಒಂದು ಭೂಕಂಪದ ತಾರೀಕು ಸಿಗುತ್ತದೆ.

"ಆದರೆ ಇದು ಬಹಳ ಕಷ್ಟದ ಕೆಲಸ" ಎಂದಳು ಅವಳು. "ಉಜ್ಜಾಟ ಕ್ಷಣದಲ್ಲಿ ಮುಗಿಯುತ್ತದೆ. ಪೂರ್ತಿ ಕರಗಲು ಪುರುಸೊತ್ತಿಲ್ಲ. ಕರಗದ ಹಳೆಯ ಚೂರುಗಳು ಹೊಸ ಕಲ್ಲಿನೊಳಗೆ ಹಾಗೇ ಉಳಿಯುತ್ತವೆ. ಅವುಗಳಲ್ಲಿ ಹಳೆಯ ಆರ್ಗಾನ್ ಇರುತ್ತದೆ. ಎಲ್ಲ ಒಟ್ಟಿಗೆ ಅಳೆದರೆ ಹುಟ್ಟಿದ ವಯಸ್ಸೂ ಅಲ್ಲ, ಕರಗಿದ ವಯಸ್ಸೂ ಅಲ್ಲ, ನಡುವಿನ ಯಾವುದೋ ಅಂಕೆ ಬರುತ್ತದೆ."

ವ್ರೆಡೆಫೋರ್ಟಿನಲ್ಲಿ ಹಾಗಾಗದಂತೆ, ಕರಗಿದ ಕಲ್ಲಿನೊಳಗೆ ಹೊಸದಾಗಿ ಬೆಳೆದ ಜಿರ್ಕಾನ್ ಎಂಬ ಸಣ್ಣ ಸಣ್ಣ ಹರಳುಗಳನ್ನು ಆರಿಸಿ ತೆಗೆದರು. ಅವುಗಳಲ್ಲಿರುವ ಯುರೇನಿಯಂ ಸವೆದು ಸೀಸವಾಗುವ ಲೆಕ್ಕ ಹಿಡಿದು 1996ರಲ್ಲಿ ವಯಸ್ಸು ಹೇಳಿದರು: 202 ಕೋಟಿ 30 ಲಕ್ಷ ವರ್ಷ, 40 ಲಕ್ಷ ಹೆಚ್ಚು ಅಥವಾ ಕಡಿಮೆ. ಆ ಗೆರೆಗಳನ್ನು ಹೊತ್ತ ಬಂಡೆಗಳಾದರೋ 300 ಕೋಟಿಗೂ ಹಳೆಯವು. ಒಂದೇ ಕಲ್ಲಿಗೆ ಎರಡು ವಯಸ್ಸು, ಎರಡೂ ಸತ್ಯ. "ಕಲ್ಲಿನ ವಯಸ್ಸೆಷ್ಟು ಅಂತ ಕೇಳುವ ಮೊದಲು, ಯಾವ ವಯಸ್ಸು ಅಂತ ಕೇಳಬೇಕು" ಎಂದಳು.

ಅಮ್ಮ ಗುಂಡು ನಿಲ್ಲಿಸಿ, ಹಿಟ್ಟಿನ ಕೈಯನ್ನು ಕಲ್ಲಿನ ಅಂಚಿಗೆ ಒರೆಸಿ ಕೇಳಿದಳು: "ಆ ಕಲ್ಲಿಗೆ ಗೊತ್ತುಂಟಾ, ಅದು ಕರಗಿದ್ದು?"

"ಗೊತ್ತಿಲ್ಲ ಅಜ್ಜಿ. ಆದರೆ ಒಳಗೆ ಲೆಕ್ಕ ಇಟ್ಟುಕೊಂಡಿರ್ತದೆ."

"ಹೌದು, ಇಟ್ಟುಕೊಳ್ತದೆ" ಎಂದಳು ಅಮ್ಮ. ಮತ್ತೆ ಗುಂಡು ತಿರುಗತೊಡಗಿತು. ಅಷ್ಟೇ ಮಾತು. ನಾನು ಅದಕ್ಕೆ ಗಮನ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಕಡಲಿನ ಕಡೆ ಹೋಗಿದ್ದೆವು. ಕಾಪುವಿನ ದೀಪಸ್ತಂಭ ನಿಮಗೆ ಗೊತ್ತೇ ಇರಬೇಕು. 1901ರಲ್ಲಿ ದೊಡ್ಡ ಬಂಡೆಯೊಂದರ ನೆತ್ತಿಯ ಮೇಲೆ ಕಟ್ಟಿದ್ದು. ನಾನು ಚಿಕ್ಕವಳಿದ್ದಾಗ ಏರಿ ಜಾರಿ ಮೊಣಕಾಲು ಕೆತ್ತಿಸಿಕೊಂಡ ಬಂಡೆ. ಹೊಸ ಪಾಠ ಕಲಿತ ಉತ್ಸಾಹದಲ್ಲಿ ನಾನು ಬಂಡೆಗಳ ಮೇಲಿದ್ದ ಪ್ರತಿ ಕಪ್ಪು ಗೆರೆಯನ್ನೂ ತೋರಿಸಿ "ಇದು? ಇದು?" ಎಂದು ಕೇಳಿದೆ. ಅವಳು ನಗುತ್ತಾ, "ಕಪ್ಪಗಿದ್ದ ಮಾತ್ರಕ್ಕೆ ಕರಗಿದ್ದು ಅಂತ ಹೇಳುವ ಹಾಗಿಲ್ಲ ಅತ್ತೆ. ಚೂರು ತೆಗೆದು, ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊರಗಿಂದ ನೋಡಿ ಗೊತ್ತಾಗುವುದಿಲ್ಲ" ಎಂದಳು.

ಎರಡು ವರ್ಷ ಕಳೆಯಿತು. ಅಮ್ಮನಿಗೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ದಿನ, ವಾರ, ಆಮೇಲೆ ಮುಖಗಳು. 2012ರ ಮಳೆಗಾಲ ಮುಗಿದ ಮೇಲೆ ಮಣಿಪಾಲದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಸಣ್ಣ ಪ್ರಾಯದ ಡಾಕ್ಟರು, ಒಳ್ಳೆಯವರು. ಕುರ್ಚಿ ಹತ್ತಿರ ಎಳೆದುಕೊಂಡು, ಅಮ್ಮನ ಕೈ ಹಿಡಿದು ಮೆಲ್ಲಗೆ ಕೇಳಿದರು.

"ಅಮ್ಮಾ, ನಿಮಗೆ ವಯಸ್ಸೆಷ್ಟು?"

ಜೀವಮಾನವಿಡೀ ಆ ಪ್ರಶ್ನೆಗೆ ಉತ್ತರ ಕೊಡದ ಅಮ್ಮ ತಡವರಿಸದೆ ಹೇಳಿದಳು: "ಇಪ್ಪತ್ತೆಂಟು."

ಡಾಕ್ಟರು ಬರೆದುಕೊಂಡರು. "ಮಕ್ಕಳೆಷ್ಟು?"

"ಮೂರು." ಬೆರಳೂ ತೋರಿಸಿದಳು.

ನಾನು ಪಕ್ಕದಲ್ಲಿದ್ದವಳು ಬೇಗನೆ ಹೇಳಿದೆ: "ಇಬ್ಬರು ಡಾಕ್ಟ್ರೇ. ಅಣ್ಣ ಮತ್ತು ನಾನು."

ಅಮ್ಮ ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ನಾನು ಯಾರೆಂದು ಅವಳಿಗೆ ಆ ಹೊತ್ತಿಗೆ ಗೊತ್ತಿತ್ತೋ ಇಲ್ಲವೋ. ಮೂರು ಬೆರಳುಗಳನ್ನು ಮಡಚಿ, ಕೈಯನ್ನು ಮಡಿಲಿಗೆ ಇಟ್ಟುಕೊಂಡಳು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆಹೋದಳು. ಉದ್ಯಾವರದ ಸೇತುವೆ ದಾಟುವಾಗ ನನಗೆ ತಟ್ಟನೆ ಲೆಕ್ಕ ಬಂತು. 1936ಕ್ಕೆ ಇಪ್ಪತ್ತೆಂಟು ಕೂಡಿಸಿದರೆ 1964.

ನಮಗೆ ಒಬ್ಬಳು ತಂಗಿ ಇದ್ದಳು. 1962ರಲ್ಲಿ ಹುಟ್ಟಿದವಳು. 1964ರ ಆಷಾಢದ ಮಳೆಯಲ್ಲಿ ಮೂರು ದಿನದ ಜ್ವರಕ್ಕೆ ಹೋದಳು. ನನಗಾಗ ಆರು ವರ್ಷ. ಫೋಟೋ ಇಲ್ಲ, ಯಾವ ಕಾಗದದಲ್ಲೂ ಹೆಸರಿಲ್ಲ. ಆ ಮೇಲೆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಅಮ್ಮನಿಗೆ ಕಷ್ಟ ಎಂದು ದೊಡ್ಡವರು ನಮಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದನ್ನು ನಾವು ಎಷ್ಟು ಚೆನ್ನಾಗಿ ಕಲಿತೆವು ಎಂದರೆ, ಕೊನೆಗೆ ಡಾಕ್ಟರ ಮುಂದೆ ನಾನೇ ಅಮ್ಮನ ಲೆಕ್ಕ ತಿದ್ದಿದೆ.

ನನಗೆ ನೆನಪಿರುವುದು ಒಂದೇ ಒಂದು. ತಂಗಿ ಹೋಗಿ ಸ್ವಲ್ಪ ದಿನವಾಗಿತ್ತು. ಅಮ್ಮ ಕಡೆಯುವ ಕಲ್ಲಿನ ಮುಂದೆ ಕೂತಿದ್ದಳು. ಆ ಕಲ್ಲು ಕಾರ್ಕಳದ್ದು. 1953ರಲ್ಲಿ ಮದುವೆಯಾಗಿ ಬರುವಾಗ ಅಜ್ಜ ಅಲ್ಲಿಯ ಕಲ್ಲುಕುಟಿಗರಿಂದ ಕೆತ್ತಿಸಿ, ಬಸ್ಸಿನ ಮೇಲೆ ಹಾಕಿಸಿ ಕಳಿಸಿದ್ದರು. ಅಕ್ಕಿ ನುಣ್ಣಗಾಗಿ, ಹಿಟ್ಟು ಬೆಣ್ಣೆಯಂತಾಗಿದ್ದರೂ ಅಮ್ಮ ಗುಂಡು ತಿರುಗಿಸುತ್ತಲೇ ಇದ್ದಳು. ಗರ್ ಗರ್ ಎಂಬ ಸದ್ದು ಬದಲಾಗಿತ್ತು, ಬರಿಯ ಕಲ್ಲಿಗೆ ಕಲ್ಲು ತಾಗುವ ಸದ್ದು. ಅಪ್ಪನ ಅಮ್ಮ ಬಂದು, ಏನೂ ಹೇಳದೆ, ಅವಳ ಕೈಯ ಮೇಲೆ ತನ್ನ ಕೈ ಇಟ್ಟು ನಿಲ್ಲಿಸಿದರು. ನಾನು ಬಾಗಿಲ ಹಿಂದೆ ನಿಂತು ನೋಡಿದ್ದೆ.

ಅಮ್ಮ ಅಳುವುದನ್ನು ನಾನು ಕಂಡಿಲ್ಲ. ಆಮೇಲೆ ಐವತ್ತು ವರ್ಷ ಅವಳು ದೋಸೆ ಹೊಯ್ದಳು, ನಮ್ಮ ಮದುವೆ ಮಾಡಿದಳು, ಬಾಣಂತನ ಮಾಡಿದಳು, ನಗಾಡಿದಳು. ಹೊರಗಿಂದ ನೋಡಿ ಗೊತ್ತಾಗುವುದಿಲ್ಲ ಎಂದು ಅಣ್ಣನ ಮಗಳು ಹೇಳಿದ್ದು ಕಲ್ಲಿನ ಮಾತು. ನನಗೆ ಅದು ಕಾರಿನಲ್ಲಿ ನೆನಪಾಯಿತು. ನಾವು ಪರ್ಯಾಯ ಎಣಿಸಿ ಅವಳ ಹುಟ್ಟಿದ ವಯಸ್ಸು ಕಂಡುಹಿಡಿದಿದ್ದೆವು. ಡಾಕ್ಟರು ಕೇಳಿದ್ದೂ ಅದನ್ನೇ. ಅವಳು ಹೇಳಿದ್ದು ಇನ್ನೊಂದು ವಯಸ್ಸು. ಎಲ್ಲ ನೆನಪೂ ಹೋದ ಮೇಲೆ ಉಳಿದದ್ದು ಅದೊಂದು. ಅದನ್ನು ನಾವು ಮರೆವು ಎಂದು ಬರೆಸಿದೆವು. ಡಾಕ್ಟರದು ತಪ್ಪಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವಳು ನಾನು.

ಆ ರಾತ್ರಿ ಅವಳ ಪಕ್ಕ ಮಲಗಿ, ತಂಗಿಯ ಹೆಸರನ್ನು ಅವಳ ಕಿವಿಯ ಹತ್ತಿರ ಹೇಳಿದೆ. ನಲವತ್ತೆಂಟು ವರ್ಷಗಳ ನಂತರ ಆ ಮನೆಯಲ್ಲಿ ಆ ಹೆಸರು ಬಾಯಿಂದ ಬಂದದ್ದು ಅದೇ ಮೊದಲಿರಬೇಕು. ಅಮ್ಮ ಕಣ್ಣು ಬಿಟ್ಟಳು. "ಮಲಗಿತಾ?" ಎಂದು ಕೇಳಿದಳು. "ಮಲಗಿತು" ಎಂದೆ. "ಜ್ವರ ಉಂಟಾ?" "ಇಲ್ಲಮ್ಮ, ಬಿಟ್ಟಿದೆ." ಸರಿ ಎಂಬಂತೆ ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದಳು. ಸುಳ್ಳು ಹೇಳಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಅದಕ್ಕೂ ಮೊದಲು ಸುಮ್ಮನಿದ್ದದ್ದಕ್ಕೆ ಇದೆ.

ಆ ನಂತರ ಅವಳಿದ್ದಷ್ಟು ದಿನ ನಾನು ಅವಳ ಲೆಕ್ಕ ತಿದ್ದಲಿಲ್ಲ. ಕೆಲವು ದಿನ ಇಪ್ಪತ್ತೆಂಟು ಎನ್ನುವಳು, ಕೆಲವು ದಿನ ಕಾರ್ಕಳದ ಹುಡುಗಿಯಾಗಿ ಬಿಡುವಳು, ಒಮ್ಮೊಮ್ಮೆ ಎರಡೂ ಕಲೆಸಿ ಯಾವ ಕಾಲದ್ದೆಂದು ತಿಳಿಯದ ಮಾತಾಡುವಳು. ಕರಗದೆ ಉಳಿದ ಹಳೆಯ ಚೂರುಗಳು ಎಂದುಕೊಂಡು ಕೇಳಿಸಿಕೊಳ್ಳುತ್ತಿದ್ದೆ. 2014ರಲ್ಲಿ ತೀರಿಕೊಂಡಳು. ಪತ್ರಿಕೆಗೆ ಕೊಡುವಾಗ ಅಣ್ಣ 78 ಎಂದು ಬರೆದ. ಅದೂ ಸರಿಯೇ.

ಮರುವರ್ಷ ಜನವರಿಯಲ್ಲಿ ಕಾರ್ಕಳದ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯಿತು. ಅಮ್ಮನ ಊರು ಎಂದು ನಾನೂ ಅಣ್ಣನೂ ಹೋದೆವು. 42 ಅಡಿಯ ಆ ಮೂರ್ತಿಯನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು 1432ರಲ್ಲಿ ಎಂದು ಅಲ್ಲಿಯ ಶಾಸನವೇ ಹೇಳುತ್ತದೆ. ಪಕ್ಕದಲ್ಲಿದ್ದ ಒಬ್ಬಾಕೆ ತನ್ನ ಮಗನಿಗೆ, "ಆರುನೂರು ವರ್ಷ ಆಗ್ತಾ ಬಂತು ಮಗಾ" ಎಂದು ಹೇಳಿಕೊಡುತ್ತಿದ್ದಳು. ದಕ್ಷಿಣ ಭಾರತದ ತಳಪಾಯದಂತಿರುವ ಹಳೆಯ ಬಂಡೆಗಳು ಹೆಚ್ಚಿನ ಕಡೆ 250 ಕೋಟಿಯಿಂದ 330 ಕೋಟಿ ವರ್ಷದವು ಎಂದು ಅಣ್ಣನ ಮಗಳು ಹೇಳಿದ್ದು ನೆನಪಾಯಿತು. ನಾನು ಬಾಯಿ ಹಾಕಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಕಡೆಯುವ ಕಲ್ಲು ಈಗ ಉಡುಪಿಯಲ್ಲಿ ನನ್ನ ಮನೆಯ ಹಿಂದಿನ ಜಗಲಿಯಲ್ಲಿದೆ. ಎತ್ತಿ ತರಲು ನಾಲ್ಕು ಜನ ಬೇಕಾಯಿತು. ನನ್ನ ಸೊಂಟಕ್ಕೆ ಅದರ ಮುಂದೆ ಕೂರುವ ಶಕ್ತಿಯಿಲ್ಲ, ನಾನೂ ಮಿಕ್ಸಿಯವಳೇ. ಬೆಚ್ಚಗಿನ ಹಿಟ್ಟಿನ ದೋಸೆಯನ್ನೇ ತಿನ್ನುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳ ಮಗಳು ಬಂದಿದ್ದಳು. ಕಲ್ಲಿನ ಗುಳಿಯಲ್ಲಿ ನೀರು ತುಂಬಿಸಿ ದೋಣಿ ಬಿಡುತ್ತಾ ಕೇಳಿದಳು: "ಅಜ್ಜಿ, ಈ ಕಲ್ಲಿಗೆ ಎಷ್ಟು ವರ್ಷ?" ತಾಯಿಯ ಮಗಳಲ್ಲವೇ!

"ಯಾವ ವರ್ಷ ಬೇಕು ಮಗಾ?" ಎಂದು ನಾನು ಅವಳ ಹತ್ತಿರ ಕೂತೆ. ಭೂಮಿಯೊಳಗೆ ಅದು ಹುಟ್ಟಿದ ಕತೆ ಹೇಳಿದೆ. ಕಾರ್ಕಳದಿಂದ ಬಸ್ಸಿನ ಮೇಲೆ ಕೂತು ಬಂದ ಕತೆ ಹೇಳಿದೆ. ಆಮೇಲೆ, ಈ ಕಲ್ಲಿನ ಪಕ್ಕದಲ್ಲಿ ಹೀಗೆಯೇ ನೀರಾಡುತ್ತಿದ್ದ ಎರಡು ವರ್ಷದ ಒಬ್ಬಳು ಹುಡುಗಿಯ ಕತೆ ಹೇಳಿದೆ, ಹೆಸರು ಸಮೇತ.

"ಅವಳು ಈಗ ಎಲ್ಲಿದ್ದಾಳೆ?" ಎಂದಿತು ಮಗು.

ಉತ್ತರ ಹುಡುಕುತ್ತಿದ್ದಾಗ ದೋಣಿ ಮಗುಚಿ ಬಿತ್ತು. ಮಗು ಅದನ್ನು ಸರಿಮಾಡುವುದರಲ್ಲಿ ತೊಡಗಿತು.